ಅಬುಧಾಬಿಯಲ್ಲಿದ್ದ ಚಿಕ್ಕಪ್ಪನ ಮಗ

ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬರೆದರೆ ಸಿಟ್ಟು ಇಳಿಯುತ್ತದೆ ಎಂದು ಯಾರೋ ಹೇಳಿದ್ದುಂಟು. ಇಳಿಯಲಿ ಎಂದು ನಾನು ಬರೆಯುತ್ತಿಲ್ಲ.

ನಾನು ಸಿದ್ದಿ ಹೆಂಗಸು, ಹಳಿಯಾಳ ಕಡೆಯವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಾನುವಾರ ಇಗರ್ಜಿ. ಹಿಂದೆ ಯಾವಾಗಲೋ ನಮ್ಮ ಹಿರಿಯರನ್ನು ಆಫ್ರಿಕದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರಂತೆ, ಅವರಲ್ಲಿ ಕೆಲವರು ತಪ್ಪಿಸಿಕೊಂಡು ನಮ್ಮ ಕಾಡುಗಳಿಗೆ ಬಂದರಂತೆ. ನಮಗೆ ಉಳಿದಿರುವುದು ಅವರ ಕೂದಲು ಮತ್ತು ಬಣ್ಣ. ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದರೂ ಬಸ್ಸಿನಲ್ಲಿ ಪಕ್ಕ ಕುಳಿತವರು "ಯಾವ ದೇಶ?" ಎಂದು ಕೇಳುವುದು ತಪ್ಪಲಿಲ್ಲ. ದುಬೈಗೆ ಬಂದ ಮೇಲೆ ಆ ಪ್ರಶ್ನೆಯೂ ಹೋಯಿತು. ಇಲ್ಲಿ ನನ್ನನ್ನು ನೋಡಿದವರು ಆಫ್ರಿಕದವಳು ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ.

ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ, ಹುಡುಕುವಾಗ ಮಂಗಳೂರಿನ ಒಬ್ಬರು ಕ್ರಿಶ್ಚಿಯನ್ ಹೆಂಗಸಿಗೆ ಫೋನ್ ಮಾಡಿದ್ದೆ. ಕ್ಲಿನಿಕ್ ಒಂದರಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದರು, ನನಗಿಂತ ಹದಿನೈದು ವರ್ಷ ದೊಡ್ಡವರು. ನನ್ನ ಕೊಂಕಣಿ ಕೇಳಿ ಅವರಿಗೆ ತುಂಬ ಖುಷಿಯಾಯಿತು. ಸ್ವಲ್ಪ ಬೇರೆ ರಾಗ, ಆದರೂ ನಮ್ಮವಳೇ ಎಂದರು. ಸೂಟ್‌ಕೇಸ್ ಹಿಡಿದು ಬಾಗಿಲು ತಟ್ಟಿದಾಗ ಅವರು ನನ್ನನ್ನು ದಾಟಿ ನನ್ನ ಬೆನ್ನ ಹಿಂದೆ ನೋಡಿದರು. ಕೊಂಕಣಿ ಮಾತಾಡಿದ ಹುಡುಗಿ ಎಲ್ಲಿ ಎಂದು. ದೊಡ್ಡ ಹೆಂಗಸರನ್ನು ಕೊಂಕಣಿಯಲ್ಲಿ ಕರೆಯುವ ಹಾಗೆ ನಾನು "ಬಾಯಿ, ನಾನೇ" ಎಂದೆ; ಅಂದಿನಿಂದ ಅವರು ನನಗೆ ಬಾಯಿಯೇ. ಅವರು ಒಳಗೆ ಬಿಟ್ಟರು. ಒಳ್ಳೆಯವರೇ. ಆದರೆ ಆ ನೋಟವನ್ನು ನಾನು ಮರೆತಿಲ್ಲ, ಮರೆತಿಲ್ಲವೆಂದು ಅವರಿಗೂ ಗೊತ್ತಿತ್ತು. ನಮ್ಮಿಬ್ಬರ ಆರು ವರ್ಷಗಳ ಸಹವಾಸ ಅದರ ಮೇಲೇ ನಿಂತಿದೆ.

ನನ್ನ ಕೆಲಸ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಲಾಂಡ್ರಿಯಲ್ಲಿ. ಹೋಟೆಲುಗಳ ಬೆಡ್‌ಶೀಟು, ಟವೆಲು ಲಾರಿಗಟ್ಟಲೆ ಬರುತ್ತವೆ. ಒಗೆದು, ಒಣಗಿಸಿ, ಇಸ್ತ್ರಿ ಯಂತ್ರಕ್ಕೆ ಕೊಟ್ಟು, ಮಡಿಸಿ ವಾಪಸ್ ಕಳಿಸುವುದು. ನಾನು ಮಡಿಸುವ ಕಡೆಯ ಸೂಪರ್‌ವೈಸರ್. ನನ್ನ ಪಾಳಿಯಲ್ಲೇ ಇಸ್ತ್ರಿ ಯಂತ್ರದ ಕಡೆಯ ಸೂಪರ್‌ವೈಸರ್ ಕೀನ್ಯಾದ ನೈರೋಬಿಯವಳು. ಗಟ್ಟಿ ದನಿ, ಯಾರಿಗೂ ಹೆದರದ ಬಾಯಿ. ಮೊದಲ ದಿನವೇ ನನ್ನನ್ನು "ಸಿಸ್ಟರ್" ಎಂದು ಕರೆದು ಸ್ವಾಹಿಲಿಯಲ್ಲಿ ಏನೋ ಹೇಳಿದ್ದಳು. ನಾನು ಇಂಡಿಯಾದವಳು ಎಂದಾಗ ಅವಮಾನವಾದವಳಂತೆ ನೋಡಿದ್ದಳು.

ನಾನು ಕ್ಷಮಿಸದವನು ಪಕ್ಕದ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಘಾನಾ ದೇಶದವನು, ಕುಮಾಸಿ ಊರು. ಮೆಟ್ರೋ ಸ್ಟೇಷನ್‌ಗೆ ಹೋಗುವ ಬಸ್ಸಿನ ಸ್ಟಾಪಿನಲ್ಲಿ ಒಂದು ಸಂಜೆ ಮಾತಾಡಿಸಿದ.

"ನಿಂದು ಯಾವ ದೇಶ?"

"ಇಂಡಿಯಾ."

ಅವನು ನಕ್ಕ. "ಸರಿ, ಇಂಡಿಯಾ. ನಿಜ ಹೇಳು."

ನನಗೆ ರೇಗಿತು. ಬ್ಯಾಗಿನಿಂದ ಲೇಬರ್ ಕಾರ್ಡ್ ತೆಗೆದು ಅವನ ಮುಖದ ಹತ್ತಿರ ಹಿಡಿದೆ. ಅವನು ಓದಿ, ನಗು ನಿಲ್ಲಿಸಿ, ಕ್ಷಮಿಸು ಎಂದ. ಮರುದಿನ ಅದೇ ಸ್ಟಾಪಿನಲ್ಲಿ, ಫೋನಿನಲ್ಲಿ ಸಿದ್ದಿಗಳ ಬಗ್ಗೆ ಎಲ್ಲ ಓದಿಕೊಂಡು ಬಂದು ನಿಂತಿದ್ದ. ಕಣ್ಣು ಒದ್ದೆ. "ನೀವು ಕಳೆದುಹೋದ ನಮ್ಮ ಜನ" ಅಂದ. "ನಾನು ಎಲ್ಲೂ ಕಳೆದುಹೋಗಿಲ್ಲ. ಹಳಿಯಾಳದಲ್ಲೇ ಇದ್ದೆ" ಅಂದೆ. ಅವನಿಗೆ ಅದು ಬಹಳ ಹಿಡಿಸಿತು. ನನಗೆ ಅವನು ಹಿಡಿಸಿದ.

ಮೂವತ್ತಮೂರು ವರ್ಷದವರೆಗೆ ನನ್ನನ್ನು ಯಾವ ಗಂಡಸೂ ಅವನ ಹಾಗೆ ನೋಡಿರಲಿಲ್ಲ. ಊರಿನಲ್ಲಿ ಬೇರೆ ಜಾತಿಯವರು ನೋಡುವ ನೋಟ ಬೇರೆ, ಅದರ ವಿಷಯ ಇಲ್ಲಿ ಬೇಡ. ಅವನು ನನ್ನ ಕೂದಲನ್ನು ಎಣ್ಣೆ ಹಾಕಿ ಜಗ್ಗಿ ಕಟ್ಟಬೇಡ ಎಂದ. ಬಿಟ್ಟುಕೊಂಡು ಓಡಾಡುವುದನ್ನು ನಾನು ಕಲಿತದ್ದು ಅವನಿಂದ. ಅಮ್ಮನಿಗೆ ಅವನನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿ, "ಅಯ್ಯ, ನಮ್ಮ ಮಾವನ ಹಾಂಗೇ ಅದಾನಲ್ಲೇ" ಎಂದು ಅತ್ತಳು. ಮದುವೆಯ ಮಾತು ಅಲ್ಲಿಂದ ಶುರುವಾಯಿತು. ಎತ್ತಿದ್ದು ಅವನೇ. ಇದನ್ನು ನೆನಪಿನಲ್ಲಿ ಇಡಬೇಕು. ನಾನು ಕೇಳಿರಲಿಲ್ಲ.

ಅವನು ಎರಡು ವಾರಕ್ಕೊಮ್ಮೆ ಭಾನುವಾರ ಅಬುಧಾಬಿಗೆ ಹೋಗುತ್ತಿದ್ದ. ಅಲ್ಲಿ ಮುಸಫ್ಫಾದಲ್ಲಿ ಚಿಕ್ಕಪ್ಪನ ಮಗ ಇದ್ದಾನೆ, ಯೂನಿಫಾರ್ಮ್ ಹೊಲಿಯುವ ಕಂಪನಿಯಲ್ಲಿ ಟೈಲರ್ ಎಂದಿದ್ದ. ಆ ಟೈಲರನ್ನು ನಮ್ಮ ರೂಮಿಗೂ ಒಂದು ಸಲ ಕರೆದುಕೊಂಡು ಬಂದ. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ನಾನು ಬಂಗುಡೆ ಸಾರು ಮಾಡಿ ಬಡಿಸಿದೆ. ಅವನು ತಲೆ ಬಗ್ಗಿಸಿ ತಿಂದ, ಚೆನ್ನಾಗಿದೆ ಎನ್ನಲಿಲ್ಲ. ನಿಶ್ಚಿತಾರ್ಥಕ್ಕೆ ಅವರ ಕಡೆಯ ದೊಡ್ಡ ಹೂವಿನ ಬಟ್ಟೆಯಲ್ಲಿ ನನಗೊಂದು ಉಡುಪು ಹೊಲಿಯುವುದೆಂದು ಮಾತಾಯಿತು. ಅವನು ಕೊರಳಿಂದ ಟೇಪ್ ತೆಗೆದು ನನ್ನ ಅಳತೆ ತೆಗೆದುಕೊಂಡ. ಹೆಗಲು, ಎದೆ, ಸೊಂಟ. ಬೆರಳು ತಾಕದ ಹಾಗೆ ಟೇಪಿನ ತುದಿ ಮಾತ್ರ ಹಿಡಿಯುತ್ತಿದ್ದ. ಎಷ್ಟು ಮರ್ಯಾದಸ್ಥ ಎಂದುಕೊಂಡೆ. ಬಾಯಿಯೂ ಹಾಗೇ ಅಂದರು.

ಅನುಮಾನ ಹುಟ್ಟಿಸಿದವಳು ನೈರೋಬಿಯವಳು. ಊಟದ ಹೊತ್ತಿನಲ್ಲಿ ಅವಳು ಫೋನಿನಲ್ಲಿ ವಿಡಿಯೋ ನೋಡುತ್ತಾಳೆ, ಎಲ್ಲ ಅಮೆರಿಕದ, ಲಂಡನ್ನಿನ, ಲೇಗೋಸಿನ ಕಪ್ಪು ಹೆಂಗಸರದು. ಕಾರಿನಲ್ಲಿ ಕುಳಿತು, ಅಡುಗೆಮನೆಯಲ್ಲಿ ನಿಂತು, ತಾವು ಹೇಗೆ ಮೋಸ ಹೋದೆವು ಎಂದು ಹೇಳುವವರು. ಹೊರಗೆ ಹೆಂಗಸರ ಜೊತೆ ಓಡಾಡಿ ಒಳಗೆ ಗಂಡಸರ ಜೊತೆ ಇರುವವರು, ಅವರನ್ನು ಗುರುತು ಹಿಡಿಯುವುದು ಹೇಗೆ, ಮದುವೆಗೆ ಮೊದಲು ಏನು ಕೇಳಬೇಕು. ಅವಳಿಗೆ ಇದೊಂದು ಶಾಸ್ತ್ರವೇ ಆಗಿತ್ತು.

"ನಿನ್ನವನು ಶರಟಿಗೆ ತಾನೇ ಇಸ್ತ್ರಿ ಹಾಕ್ತಾನಾ?"

"ಹಾಕ್ತಾನೆ. ನೀನೂ ನಾನೂ ದಿನವಿಡೀ ಮಾಡೋದು ಅದೇ ಕೆಲಸ ಅಲ್ವಾ?"

"ನಗಬೇಡ ಸಿಸ್ಟರ್. ಹಿಮ್ಮಡಿ ಒಡೆಯಬಾರದು ಅಂತ ಶಿಯಾ ಬೆಣ್ಣೆ ಹಚ್ಚಿಕೊಳ್ತಾನೆ ಅಂತ ನೀನೇ ಅಂದಿದ್ದೆ. ಬೇರೆ ಹೆಂಗಸರನ್ನು ತಿರುಗಿ ನೋಡಲ್ಲ ಅಂದಿದ್ದೆ. ನಿನ್ನನ್ನೂ ಅವಸರ ಮಾಡಲ್ಲ ಅಂದಿದ್ದೆ."

"ಒಳ್ಳೆಯವನು ಅಂತ ಹೇಳಿದ್ದು ನಾನು."

"ಅಷ್ಟು ಒಳ್ಳೆಯವನು ಯಾಕೆ ಅಂತ ಕೇಳ್ತಿದ್ದೀನಿ ನಾನು."

ಆವತ್ತು ಅವಳ ಮೇಲೆ ಕೂಗಾಡಿ ಎದ್ದು ಹೋದೆ. ಗಂಡಸು ಕೊಳಕಾಗಿದ್ದರೆ ಕಾಡುಮನುಷ್ಯ ಅಂತೀರಿ, ಚೊಕ್ಕವಾಗಿದ್ದರೆ ಗಂಡಸೇ ಅಲ್ಲ ಅಂತೀರಿ ಎಂದೆಲ್ಲ ಅಂದೆ. ಆದರೆ ಮಾತು ಕಿವಿಯೊಳಗೆ ಕುಳಿತುಬಿಟ್ಟಿತ್ತು. ರೂಮಿಗೆ ಬಂದು ಬಾಯಿಗೆ ಹೇಳಿದೆ, ಅವರು ಬೈಯಲಿ, ಸಮಾಧಾನ ಆಗಲಿ ಎಂದು. ಬಾಯಿ ಮೊದಲು ನಕ್ಕರು. ಆಮೇಲೆ ಬೆಳ್ಳುಳ್ಳಿ ಬಿಡಿಸುವ ಕೈ ನಿಲ್ಲಿಸಿ, "ಮಾರಾಯ್ತಿ, ಅವರಲ್ಲಿ ಎಂತೆಂತ ಉಂಟೋ ಯಾರಿಗೆ ಗೊತ್ತು? ನೀನು ನಮ್ಮವಳು, ನಿನ್ನ ವಿಷಯ ಬೇರೆ. ಅವನು ಆಫ್ರಿಕದವ ಅಲ್ವಾ" ಅಂದರು. ಬಾಯಿಗೆ ಅವನ ಮೇಲೆ ಮೊದಲಿನಿಂದಲೂ ಒಂದಲ್ಲ ಒಂದು ಅನುಮಾನ ಇದ್ದೇ ಇತ್ತು. ಮಾದಕ ವಸ್ತು ಮಾರುತ್ತಾನೋ, ವೀಸಾ ಮುಗಿದಿದೆಯೋ ಎಂದು. ಈಗ ಇನ್ನೊಂದು ಸಿಕ್ಕಿತು.

ನಾನು ಅವನನ್ನು ಪರೀಕ್ಷಿಸತೊಡಗಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಾಲ್‌ನಲ್ಲಿ ಚೆಂದದ ಹುಡುಗಿ ಎದುರು ಬಂದರೆ ಅವಳನ್ನು ನೋಡದೆ ಅವನ ಕಣ್ಣನ್ನು ನೋಡುತ್ತಿದ್ದೆ. ಚೆಂದದ ಹುಡುಗ ಬಂದರೂ ಅವನ ಕಣ್ಣನ್ನೇ ನೋಡುತ್ತಿದ್ದೆ. ಹೋಟೆಲಿನಲ್ಲಿ ಇಬ್ಬರು ಗಂಡಸರು ಸಿಕ್ಕಿಬಿದ್ದರಂತೆ ಎಂದು ಒಂದು ಸುಳ್ಳು ಕತೆ ಕಟ್ಟಿ ಹೇಳಿ, ಅವನ ತುಟಿ ಅಲುಗುತ್ತದೆಯೇ ಎಂದು ಕಾಯುತ್ತಿದ್ದೆ. ಅವನು, "ಪಾಪ, ಏನಾಯ್ತು ಅವರಿಗೆ?" ಎಂದ. ಪಾಪ ಎಂದದ್ದನ್ನೂ ನೈರೋಬಿಯವಳಿಗೆ ಹೋಗಿ ಒಪ್ಪಿಸಿದೆ. ಅವಳು ಬೆರಳು ಮಡಿಚಿ ಇನ್ನೊಂದು ಲಕ್ಷಣ ಎಣಿಸಿದಳು.

ಒಂದು ಮಧ್ಯಾಹ್ನ ಬರ್ ದುಬೈಯ ಉಡುಪಿ ಹೋಟೆಲಿನಲ್ಲಿ ಅವನು ಕೈ ತೊಳೆಯಲು ಎದ್ದಾಗ ಅವನ ಫೋನ್ ತೆಗೆದು ನೋಡಿದೆ. ಪಾಸ್‌ವರ್ಡ್ ನನ್ನದೇ ಹುಟ್ಟಿದ ದಿನ. ಒಳಗೆ ಏನೂ ಇರಲಿಲ್ಲ. ಅವನ ಅಮ್ಮ, ಗೋಡೌನಿನ ಗುಂಪು, ಚಿಕ್ಕಪ್ಪನ ಮಗ. ಚಿಕ್ಕಪ್ಪನ ಮಗನ ಜೊತೆಗಿನ ಮಾತೆಲ್ಲ ಅವರ ಭಾಷೆಯಲ್ಲಿತ್ತು. ಅವನು ವಾಪಸ್ ಬಂದಾಗ ಫೋನ್ ಇನ್ನೂ ನನ್ನ ಕೈಯಲ್ಲೇ ಇತ್ತು.

ಅವನು ಕೂಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತ.

"ಏನು ಹುಡುಕ್ತಿದ್ದೆ?"

ನಾನು ಹೇಳಿಬಿಟ್ಟೆ. ನೈರೋಬಿಯವಳ ಮಾತು, ಇಸ್ತ್ರಿ, ಬೆಣ್ಣೆ, ಎಲ್ಲ. ಹೇಳುತ್ತ ಹೋದಂತೆ ನನಗೇ ಎಲ್ಲವೂ ಹುಚ್ಚಾಟ ಎನ್ನಿಸಿತು.

"ಇಲ್ಲಿ ಕಪ್ಪು ಗಂಡಸು ಎಲ್ಲಿ ನಿಂತರೂ ಯಾರಾದರೂ ಬಂದು ಜೇಬು ತೋರಿಸು ಅಂತಾರೆ" ಎಂದ. "ಅಂಗಡಿಯಲ್ಲಿ, ಮೆಟ್ರೋದಲ್ಲಿ. ನೀನೊಬ್ಬಳು ಕೇಳಲ್ಲ ಅಂದುಕೊಂಡಿದ್ದೆ."

ನಾನು ಆ ಹೋಟೆಲಿನಲ್ಲಿ ಎಲ್ಲರೆದುರು ಅತ್ತೆ. ಕ್ಷಮೆ ಕೇಳಿದೆ. ಅವನು ನನ್ನ ಕೈ ಹಿಡಿದು, ಮಣಿಕಟ್ಟಿನ ಒಳಭಾಗದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದ. ಜಗಳವಾದಾಗಲೆಲ್ಲ ಅವನು ಹಾಗೆ ಮಾಡುತ್ತಿದ್ದ. ನನ್ನ ಎದೆಬಡಿತ ಸರಿಯಾಗುವವರೆಗೂ ಬಿಡುತ್ತಿರಲಿಲ್ಲ. ಮರುದಿನ ಲಾಂಡ್ರಿಯಲ್ಲಿ ನೈರೋಬಿಯವಳಿಗೆ, ಇನ್ನು ನನ್ನ ವಿಷಯಕ್ಕೆ ಬರಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಆ ಮಧ್ಯಾಹ್ನವೇ. ಅವನು ಆಡಿದ ಮಾತು ನಿಜ. ನಾನೂ ಅದನ್ನೇ ಅನುಭವಿಸಿದವಳು, ಅದಕ್ಕೇ ಅದು ನನಗೆ ನಾಟಿತು. ಆ ನಿಜವನ್ನು ತೆಗೆದುಕೊಂಡು ಅವನು ತನ್ನ ಸುಳ್ಳಿನ ಮೇಲೆ ಹೊದಿಸಿದ. ನನ್ನಿಂದ ಕ್ಷಮೆಯನ್ನೂ ಕೇಳಿಸಿಕೊಂಡ.

ಮೂರು ವಾರದ ನಂತರ ಚಿಕ್ಕಪ್ಪನ ಮಗ ನನಗೆ ಮೆಸೇಜ್ ಮಾಡಿದ. ಉಡುಪು ಸಿದ್ಧವಾಗಿದೆ, ಭಾನುವಾರ ಮೂರು ಗಂಟೆಗೆ ಅಬುಧಾಬಿಯ ಕಡಲದಂಡೆಯ ಕಾರ್ನಿಶ್ ರಸ್ತೆ ಹತ್ತಿರದ ಪಾರ್ಕಿಗೆ ಬಂದರೆ ಕೊಡುತ್ತೇನೆ, ಅವನಿಗೆ ಹೇಳಬೇಡ, ಆಶ್ಚರ್ಯ ಆಗಲಿ ಎಂದು. ಇವನು ಆ ಭಾನುವಾರ ಗೋಡೌನಿನಲ್ಲಿ ಓವರ್‌ಟೈಮ್ ಇದೆ ಎಂದಿದ್ದ. ನಾನು ಖುಷಿಯಿಂದ ಅಲ್ ಘುಬೈಬಾದಲ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಆ ಉಡುಪಿಗೆ ಯಾವ ಓಲೆ ಎಂದು ಯೋಚಿಸುತ್ತಿದ್ದೆ.

ಪಾರ್ಕಿನಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಕುಟುಂಬಗಳು ಚಾಪೆ ಹಾಸಿ ಬಿರಿಯಾನಿ ಬಿಚ್ಚಿಕೊಂಡು ಕುಳಿತಿದ್ದವು. ಬೇಲಿಯಂತೆ ಕತ್ತರಿಸಿದ ಗಿಡಗಳ ಆಚೆ ಬೆಂಚಿನ ಮೇಲೆ ಅವರಿಬ್ಬರೂ ಇದ್ದರು. ಓವರ್‌ಟೈಮ್ ಎಂದವನು ಅಲ್ಲಿ ಕುಳಿತಿದ್ದಾನೆ ಎಂದು ಮೊದಲಿಗೆ ಆಶ್ಚರ್ಯವಾಯಿತು, ಅಷ್ಟೆ. ಹತ್ತಿರ ಹೋದೆ. ಅವರು ಜಗಳವಾಡುತ್ತಿದ್ದರು, ತಗ್ಗಿದ ದನಿಯಲ್ಲಿ, ಅವರ ಭಾಷೆಯಲ್ಲಿ. ಒಂದಕ್ಷರ ಅರ್ಥವಾಗುವಂತಿರಲಿಲ್ಲ. ಚಿಕ್ಕಪ್ಪನ ಮಗ ಮುಖ ತಿರುಗಿಸಿಕೊಂಡು ಅಳುತ್ತಿದ್ದ. ಇವನು ಅವನ ಕೈ ಎಳೆದುಕೊಂಡು, ಮಣಿಕಟ್ಟಿನ ಒಳಭಾಗದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತಿದ್ದ.

ಈ ದೇಶದಲ್ಲಿ ಗಂಡಸರು ಗಂಡಸರ ಕೈ ಹಿಡಿದು ನಡೆಯುವುದನ್ನು ದಿನಾ ನೋಡುತ್ತೇವೆ, ಅದಕ್ಕೇನೂ ಅರ್ಥವಿಲ್ಲ. ಬೇರೆ ಯಾರಾದರೂ ನೋಡಿದ್ದರೆ ಇಬ್ಬರು ಅಣ್ಣತಮ್ಮಂದಿರು, ಊರಲ್ಲಿ ಯಾರೋ ಸತ್ತಿರಬೇಕು ಎಂದುಕೊಳ್ಳುತ್ತಿದ್ದರು. ಆ ಹೆಬ್ಬೆರಳು ಏನೆಂದು ಗೊತ್ತಿದ್ದವಳು ನಾನೊಬ್ಬಳೇ. ಇಸ್ತ್ರಿಯಲ್ಲ, ಬೆಣ್ಣೆಯಲ್ಲ. ನೈರೋಬಿಯವಳ ಯಾವ ಲಕ್ಷಣದಲ್ಲೂ ಇದು ಇರಲಿಲ್ಲ.

ನಾನು ಬೆಂಚಿನ ಎದುರು ಹೋಗಿ ನಿಂತೆ. ಇವನು ಬೆಂಕಿ ತಾಗಿದವನಂತೆ ಕೈ ಬಿಟ್ಟ.

"ನೀನು... ಇಲ್ಲಿ ಹೇಗೆ?"

"ನಾನೇ ಬರಹೇಳಿದ್ದು" ಎಂದ ಚಿಕ್ಕಪ್ಪನ ಮಗ, ಇಂಗ್ಲಿಷಿನಲ್ಲಿ, ನನಗೆ ಅರ್ಥವಾಗಲೆಂದೇ. ಮುಖ ಒರೆಸಿಕೊಂಡು ನನ್ನತ್ತ ನೋಡಿದ. ಅವನ ಕಣ್ಣುಗಳಲ್ಲಿ ಇದ್ದ ದ್ವೇಷವನ್ನು ನಾನು ಆವರೆಗೆ ಯಾರ ಕಣ್ಣಿನಲ್ಲೂ ನೋಡಿರಲಿಲ್ಲ. "ಇವನು ಹೇಳ್ತೀನಿ ಹೇಳ್ತೀನಿ ಅಂತ ಐದು ತಿಂಗಳಾಯ್ತು. ಹೇಳಲ್ಲ ಅಂತ ನನಗೆ ಗೊತ್ತಾಯ್ತು."

"ಸುಮ್ನಿರು" ಎಂದ ಇವನು.

"ನೀನು ಇವನ ಚಿಕ್ಕಪ್ಪನ ಮಗ ಅಲ್ವಾ?" ನಾನು ಕೇಳಿದ್ದು ಅಂಥ ಪೆದ್ದು ಪ್ರಶ್ನೆ.

"ಅಲ್ಲ. ನಾವಿಬ್ಬರೂ ಒಂದೇ ಬೀದಿಯವರು. ಏಳು ವರ್ಷದಿಂದ ಜೊತೆಗಿದ್ದೀವಿ. ನೀನು ಬಂದು ಇನ್ನೂ ಒಂದು ವರ್ಷ ಆಗಿಲ್ಲ."

ಅವನು ಹೇಳಿದ ರೀತಿ ನೋಡಿ! ನಾನು ಅವನ ಸಂಸಾರ ಒಡೆಯಲು ಬಂದವಳು ಎನ್ನುವ ಹಾಗೆ. ನನ್ನ ಕೈಯಲ್ಲಿ ಬಡಿಸಿಕೊಂಡು ಉಂಡವನು.

"ನನ್ನ ಅಳತೆ ತಗೊಂಡೆ ನೀನು" ಅಂದೆ.

"ತಗೊಂಡೆ. ಕೂತು ಹೊಲಿದೆ. ನಾಲ್ಕು ದಿನ. ಇವನು ಬಂದು ಪಕ್ಕದಲ್ಲಿ ನಿಂತು, ತೋಳು ಸ್ವಲ್ಪ ಉದ್ದ ಇರಲಿ ಅಂತ ಹೇಳಿದ." ಅವನು ಕಾಲ ಬಳಿ ಇದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಕಡೆ ತಳ್ಳಿದ. "ತಗೊಂಡು ಹೋಗು. ಚೆನ್ನಾಗಿ ಬಂದಿದೆ."

ನಾನು ಅದನ್ನು ಮುಟ್ಟಲಿಲ್ಲ. ಇವನ ಕಡೆ ತಿರುಗಿದೆ.

"ಮದುವೆ ಅಂತ ಮಾತೆತ್ತಿದ್ದು ಯಾರು?"

ಇವನು ಎದ್ದು ನಿಂತ. ಸುತ್ತ ನೋಡಿದ. "ಮೆಲ್ಲಗೆ ಮಾತಾಡು. ಯಾರಿಗಾದರೂ ಕೇಳಿದರೆ ಇಬ್ಬರೂ ಜೈಲಿಗೆ ಹೋಗ್ತೀವಿ."

"ಯಾರು ಅಂತ ಕೇಳಿದೆ."

"ನಾನು. ನಾನು ನಿನ್ನ ಜೊತೆ ಇರಬಹುದು ಅಂದುಕೊಂಡಿದ್ದೆ. ನಿಜವಾಗ್ಲೂ. ನಿನ್ನ ಮೇಲೆ ನನಗೆ ಪ್ರೀತಿ ಇದೆ, ಅದು ಸುಳ್ಳಲ್ಲ. ಊರಲ್ಲಿ ಅಮ್ಮ ಮದುವೆ ಮದುವೆ ಅಂತಾಳೆ. ಗೊತ್ತಾದರೆ ಅವಳ ಮನೆ ಮೇಲೆ ಕಲ್ಲು ಬೀಳ್ತದೆ. ನಿನ್ನ ಜೊತೆ ಆದರೆ ಎಲ್ಲ ಸರಿ ಹೋಗ್ತದೆ ಅಂತ..."

"ಮದುವೆ ಆದ ಮೇಲೂ ಇಲ್ಲಿಗೆ ಬರ್ತಿದ್ಯಾ? ಎರಡು ವಾರಕ್ಕೊಮ್ಮೆ?"

ಉತ್ತರ ಕೊಟ್ಟಿದ್ದು ಟೈಲರ್. "ಬರ್ತಿದ್ದ. ಅದನ್ನೇ ಈಗ ನನಗೆ ಹೇಳ್ತಾ ಇದ್ದ. ಏನೂ ಬದಲಾಗಲ್ಲ ಅಂತ."

ನಾನು ಇವನ ಕೆನ್ನೆಗೆ ಹೊಡೆದೆ. ಚಾಪೆಯ ಮೇಲಿದ್ದ ಕುಟುಂಬವೊಂದು ಇತ್ತ ತಿರುಗಿತು. ಟೈಲರ್ ತಟ್ಟನೆ ಎದ್ದು ನಮ್ಮಿಬ್ಬರ ಮಧ್ಯೆ ಬಂದ. ನನ್ನನ್ನು ತಡೆಯುವುದಕ್ಕೆ ಅಲ್ಲ, ಅವನನ್ನು ಕಾಯುವುದಕ್ಕೆ. ಅದನ್ನು ನೋಡಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಉಡುಪಿನ ಚೀಲ ಬೆಂಚಿನ ಬಳಿಯೇ ಉಳಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬರಲಿಲ್ಲ. ಲೆಕ್ಕ ಹಾಕುತ್ತಿದ್ದೆ, ಯಾವ ಭಾನುವಾರ ಅಲ್ಲಿಂದ ಬಂದು ಸೋಮವಾರ ನನಗೆ ಏನೇನು ಹೇಳಿದ್ದ ಎಂದು. ನನ್ನ ಹುಟ್ಟಿದ ದಿನದ ಪಾಸ್‌ವರ್ಡ್ ಕೂಡ ನೆನಪಾಯಿತು. ಅಡಗಿಸಲು ಏನೂ ಇಲ್ಲ ಎಂದು ತೋರಿಸಲು ಅವನು ಎಷ್ಟು ಕಷ್ಟಪಟ್ಟಿದ್ದಾನೆ ಎನ್ನಿಸಿತು. ಅವನು ಗಂಡಸನ್ನು ಪ್ರೀತಿಸಿದ್ದು ನನಗೆ ಮಾಡಿದ ಅನ್ಯಾಯ ಎಂದು ಆವತ್ತೂ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅದು ಅವನ ಪಾಡು. ಆದರೆ ಅವನಿಗೆ ಮರೆ ಬೇಕಿತ್ತು, ಆ ಮರೆಗೆ ಅವನು ಆರಿಸಿಕೊಂಡದ್ದು ನನ್ನನ್ನು. ಯಾರೂ ನೋಡದವಳು, ನೋಡಿದರೆ ಸಾಕೆಂದು ಕಾಯುತ್ತಿದ್ದವಳು, ಹೆಚ್ಚು ಕೇಳುವುದಿಲ್ಲ ಎಂದು ಅಳೆದು ನೋಡಿ ಆರಿಸಿದ್ದ. ನನ್ನ ಸಿಟ್ಟು ಅಲ್ಲಿದೆ.

ರೂಮಿನಲ್ಲಿ ಬಾಯಿ ಕಾಯುತ್ತಿದ್ದರು. ಮುಖ ನೋಡಿಯೇ ಗೊತ್ತಾಗಿರಬೇಕು.

"ಎಂತ ಆಯ್ತು? ಅದೇನಾ?"

ಆ 'ಅದೇನಾ' ಎನ್ನುವ ಮಾತಿನಲ್ಲಿ ಒಂದು ಆಸೆ ಇತ್ತು. ತಾವು ಹೇಳಿದ್ದು ಸರಿಯಾಯಿತು ಎನ್ನಿಸಿಕೊಳ್ಳುವ ಆಸೆ. ಮರುದಿನ ಲಾಂಡ್ರಿಯಲ್ಲಿ ನೈರೋಬಿಯವಳ ಮುಖದಲ್ಲೂ ಅದೇ ಇರುತ್ತದೆಂದು ಗೊತ್ತಿತ್ತು. ಅವಳು ನಡೆಸುವ ವಾಟ್ಸ್ಯಾಪ್ ಗುಂಪೊಂದಿತ್ತು, ಇಲ್ಲಿರುವ ಆಫ್ರಿಕದ ಹೆಂಗಸರದು. ಯಾವ ಗಂಡಸು ಹೊಡೆಯುತ್ತಾನೆ, ಯಾವನು ಮೋಸ ಮಾಡಿದ ಎಂದು ಫೋಟೋ ಹಾಕಿ ಎಚ್ಚರಿಸುವ ಗುಂಪು. ಅಲ್ಲಿ ಬಿದ್ದ ಮಾತು ಸಂಜೆಯೊಳಗೆ ಲೇಬರ್ ಕ್ಯಾಂಪ್‌ಗಳನ್ನೆಲ್ಲ ಸುತ್ತಿ ಬರುತ್ತಿತ್ತು. ಅಲ್ಲಿಂದ ಯಾರಾದರೂ ಪೊಲೀಸರಿಗೆ ಹೇಳಲು ಎಷ್ಟು ಹೊತ್ತು?

"ಊರಲ್ಲಿ ಹೆಂಡತಿ ಇದ್ದಾಳೆ ಬಾಯಿ. ಇಬ್ಬರು ಮಕ್ಕಳು" ಎಂದೆ.

ಬಾಯಿಯ ಮುಖ ಇಳಿಯಿತು. "ಅಷ್ಟೇಯಾ?" ಎಂದು ಬಾಯಿತಪ್ಪಿ ಅಂದುಬಿಟ್ಟು, ತಕ್ಷಣ "ಛೆ, ನಾಯಿಗೆ ಹುಟ್ಟಿದವ" ಎಂದು ಬೈದರು. ನೈರೋಬಿಯವಳು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಹೆಂಡತಿಯ ಫೋಟೋ ನೋಡಿದೆಯಾ, ನಾನು ಹೇಳಿದ್ದು ಅದಲ್ಲ ತಾನೆ ಎಂದು ಮತ್ತೆ ಮತ್ತೆ ಕೇಳಿದಳು. ಅಲ್ಲ ಎಂದೆ. ಅವಳು ಗುಂಪಿನಲ್ಲಿ ಅವನ ಫೋಟೋ ಹಾಕಿ 'ಮದುವೆಯಾದವನು, ಸುಳ್ಳುಗಾರ' ಎಂದು ಬರೆದಳು. ನಾನು ಬೇಡ ಅನ್ನಲಿಲ್ಲ. ಅಷ್ಟಾದರೂ ಬೀಳಲಿ ಎಂದೇ ಸುಮ್ಮನಿದ್ದೆ.

ಎರಡು ದಿನ ಬಿಟ್ಟು ಅವನ ಫೋನ್ ಬಂತು.

"ನೀನು ಏನು ಹೇಳಿದೆ ಅಂತ ಗೊತ್ತಾಯ್ತು. ನೀನು ನನ್ನ ಜೀವ ಉಳಿಸಿದೆ. ನಿನ್ನಂಥ ಒಳ್ಳೆ..."

"ಬಾಯಿ ಮುಚ್ಚು. ನಿನಗೋಸ್ಕರ ಹೇಳಿದ್ದಲ್ಲ. ನಿನ್ನ ಜೊತೆ ಅವನೂ ಜೈಲಿಗೆ ಹೋಗ್ತಾನೆ ಅಂತ ಹೇಳಿದ್ದು. ಇನ್ನೊಂದು ಸಲ ಫೋನ್ ಮಾಡಿದರೆ ಗುಂಪಿಗೆ ನಿಜ ಬರೀತೀನಿ."

ಅವನು ಮತ್ತೆ ಮಾಡಲಿಲ್ಲ. ಬರೆಯುತ್ತಿದ್ದೆನೋ ಇಲ್ಲವೋ, ಆ ಹೊತ್ತಿನಲ್ಲಿ ನನಗೂ ಗೊತ್ತಿರಲಿಲ್ಲ. ಅವನು ಹೆದರುವುದು ಮಾತ್ರ ನನಗೆ ಬೇಕಿತ್ತು. ಅವನು ಹೆದರಿದ್ದು ಫೋನಿನಲ್ಲಿ ಅವನ ಉಸಿರಿನಿಂದಲೇ ತಿಳಿಯಿತು, ಅದು ನನಗೆ ಹಿತವಾಗಿತ್ತು.

ಆದರೆ ಹೆದರಿಕೆ ನನ್ನ ಪಾಲಿಗೂ ಬಂತು. ನಾವಿಬ್ಬರೂ ಎರಡು ಸಲ ಕೂಡಿದ್ದೆವು. ಎರಡು ತಿಂಗಳಲ್ಲಿ ನನ್ನ ವೀಸಾ ನವೀಕರಣಕ್ಕೆ ಮೆಡಿಕಲ್ ಇತ್ತು. ರಕ್ತ ತೆಗೆಯುತ್ತಾರೆ, ಅದರಲ್ಲಿ ಏಡ್ಸ್‌ನಂಥದ್ದು ಏನಾದರೂ ಕಂಡರೆ ನೇರ ವಿಮಾನ ಹತ್ತಿಸುತ್ತಾರೆ, ಮತ್ತೆ ಈ ದೇಶಕ್ಕೆ ಕಾಲಿಡಲಾಗುವುದಿಲ್ಲ. ಅವನಿಗೆ ಬೇರೆ ಹೆಂಗಸೇ ಇದ್ದಿದ್ದರೂ ಇದೇ ಹೆದರಿಕೆ ಇರುತ್ತಿತ್ತು ಎಂದು ಬುದ್ಧಿ ಹೇಳುತ್ತಿತ್ತು. ನೈರೋಬಿಯವಳ ವಿಡಿಯೋಗಳು ಬೇರೆ ಹೇಳುತ್ತಿದ್ದವು. ಆ ಎರಡು ತಿಂಗಳು ಊಟ ಸೇರಲಿಲ್ಲ. ಶೀಟು ಮಡಿಸುತ್ತ ನನ್ನ ನಾಲಿಗೆಯನ್ನು ಯಂತ್ರದ ಉಕ್ಕಿನ ಹೊಳಪಿನಲ್ಲಿ ನೋಡಿಕೊಳ್ಳುತ್ತಿದ್ದೆ, ಬಿಳಿ ಕಾಣುತ್ತದೆಯೇ ಎಂದು. ಮೆಡಿಕಲ್ ಸೆಂಟರಿನಲ್ಲಿ ಸೂಜಿ ಚುಚ್ಚಿದ ಫಿಲಿಪೀನಿ ನರ್ಸ್ "ರಿಲ್ಯಾಕ್ಸ್ ಮೇಡಂ" ಎಂದಾಗ ಅವಳ ಮೇಲೆ ರೇಗಿದೆ. ಫಿಟ್ ಎಂದು ಮೆಸೇಜ್ ಬಂದ ದಿನ ಲಾಂಡ್ರಿಯ ಬಾತ್‌ರೂಮಿನಲ್ಲಿ ಕೂತು ಅವನ ಹೆಸರು ಹಿಡಿದು, ಕೊಂಕಣಿಯಲ್ಲಿ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಖಾಲಿಯಾದ ಮೇಲೆ ಕನ್ನಡದಲ್ಲಿ ಬೈದೆ.

ಅಮ್ಮನಿಗೆ ಹೇಳುವುದು ಬಾಕಿ ಇತ್ತು. ಮದುವೆ ಇಲ್ಲ ಎಂದೆ.

"ಹೊಡದ್ನೇನೆ?"

"ಇಲ್ಲ."

"ಕುಡೀತಿದ್ನೋ?"

"ಇಲ್ಲಮ್ಮ."

"ಬ್ಯಾರೆ ಹೆಂಗ್ಸು?"

"ಇಲ್ಲ." ಅವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಮತ್ತ್ ಎಂಥಕ್ಕೆ ಬಿಟ್ಟೆ? ನಮ್ಮ ಹಾಂಗಿದ್ದಂವ ಒಬ್ಬಂವ ಸಿಕ್ಕಿದ್ದ."

ನನಗೆ ನಮ್ಮ ಮಾತಿನಲ್ಲಿ ಅದಕ್ಕೆ ಶಬ್ದ ಸಿಗಲಿಲ್ಲ. ಬೈಗುಳ ಇವೆ, ಅವನ್ನು ಅಮ್ಮನ ಎದುರು ಆಡುವಂತಿಲ್ಲ. "ಅವನಿಗೆ ನಾನು ಬೇಕಾಗಿರ್ಲಿಲ್ಲಮ್ಮ, ಮದುವೆ ಬೇಕಾಗಿತ್ತು" ಎಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ಅವಳ ಕಾಲದಲ್ಲಿ ಎಲ್ಲ ಗಂಡಸರೂ ಹಾಗೇ ಇದ್ದರು. ನಾನೇ ಸೊಕ್ಕಿನಿಂದ ಬಿಟ್ಟೆ ಎಂದು ಇಂದಿಗೂ ನಂಬಿದ್ದಾಳೆ. ವಿಡಿಯೋ ಕಾಲ್‌ನಲ್ಲಿ ನನ್ನ ಬಿಟ್ಟ ಕೂದಲು ಕಂಡರೆ, ಕಟ್ಟಿಕೊ ಎನ್ನುತ್ತಾಳೆ.

ಮುಂದಿನ ವರ್ಷ ಅವನು ಗೋಡೌನ್ ಬಿಟ್ಟು ಊರಿಗೆ ಹೋದನೆಂದು ಕೇಳಿದೆ. ಆಮೇಲೆ ಒಂದು ದಿನ ಊಟದ ಹೊತ್ತಿಗೆ ನೈರೋಬಿಯವಳು ಫೋನ್ ತಂದು ನನ್ನ ಮುಂದಿಟ್ಟಳು. ಮದುವೆಯ ಫೋಟೋ. ಅವನು ಬಿಳಿ ಅಂಗಿ, ಹೆಗಲ ಮೇಲೆ ಅವರ ಪಟ್ಟೆ ಬಟ್ಟೆ. ಪಕ್ಕದಲ್ಲಿ ದುಂಡು ಮುಖದ, ಹಲ್ಲು ಬಿಟ್ಟು ನಗುವ ಹುಡುಗಿ.

"ಊರಲ್ಲಿ ಹೆಂಡತಿ ಇದ್ದಾಳೆ ಅಂದಿದ್ದೆ. ಇದು ಹೋದ ತಿಂಗಳ ಮದುವೆ. ಈಗ ಹೇಳು."

"ಎರಡನೆಯದಿರಬೇಕು" ಎಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ದಡ್ಡಿಯಲ್ಲ ಅವಳು. "ಸಿಸ್ಟರ್, ನೀನು ಯಾರನ್ನ ಕಾಯ್ತಿದ್ದೀಯ?" ಎಂದು ಕೇಳಿದಳು. ಮೊದಲ ಸಲ ಅವಳ ದನಿ ತಗ್ಗಿತ್ತು. ನಾನು ತಟ್ಟೆ ತೆಗೆದುಕೊಂಡು ಎದ್ದೆ. ಅಲ್ಲಿಂದ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಆ ಫೋಟೋವನ್ನು ನಾನು ನನ್ನ ಫೋನಿನಲ್ಲಿ ಮತ್ತೆ ಹುಡುಕಿ ನೋಡಿದೆ. ಹಿಂದೆ ಮುಂದೆ ನಿಂತವರನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಟೈಲರ್ ಎಲ್ಲೂ ಇರಲಿಲ್ಲ. ಅವನು ಇನ್ನೂ ಮುಸಫ್ಫಾದಲ್ಲೇ ಯೂನಿಫಾರ್ಮ್ ಹೊಲಿಯುತ್ತಿದ್ದಾನೋ, ಏನೋ. ನನ್ನನ್ನು ಅಷ್ಟು ದ್ವೇಷಿಸಿದವನ ಬಗ್ಗೆ ನನಗೆ ಸಿಟ್ಟು ಉಳಿದಿಲ್ಲ. ನನಗೆ ನಿಜ ಹೇಳಿದವನು ಅವನೊಬ್ಬನೇ.

ಹುಡುಗಿಯ ಪುಟವೂ ಸಿಕ್ಕಿತು. ಮನೆಯಲ್ಲಿ ಕೇಕ್ ಮಾಡಿ ಮಾರುತ್ತಾಳೆ. ಯಾರು ಬೇಕಾದರೂ ಮೆಸೇಜ್ ಕಳಿಸಬಹುದು. ಎರಡು ಸಲ ಬರೆಯಲು ಕೂತೆ. ಏನೆಂದು ಬರೆಯುವುದು? ಅವಳು ನಂಬಿದರೆ ಅವಳ ಅಣ್ಣಂದಿರು ಅವನನ್ನು ಬಿಡುವುದಿಲ್ಲ. ನಂಬದಿದ್ದರೆ ನಾನು ಹೊಟ್ಟೆಕಿಚ್ಚಿನ ಹಳೇ ಗೆಳತಿ. ನಾನು ಆವತ್ತು ಗುಂಪಿನಲ್ಲಿ ನಿಜ ಬರೆಸಿದ್ದರೆ ಆ ಮದುವೆ ಆಗುತ್ತಿರಲಿಲ್ಲ, ಅವರಿಬ್ಬರು ಗಂಡಸರು ಜೈಲಿನಲ್ಲಿರುತ್ತಿದ್ದರು. ಯೋಚಿಸಿ ಯೋಚಿಸಿ ಎರಡು ಸಲವೂ ಬರೆದದ್ದನ್ನು ಅಳಿಸಿದೆ.

ಹೋದ ವಾರ ಅವಳು ಮಗುವಿನ ಫೋಟೋ ಹಾಕಿದ್ದಾಳೆ. ಅವನು ಮಗುವನ್ನು ಎತ್ತಿಕೊಂಡು ಕ್ಯಾಮೆರಾ ಕಡೆ ನೋಡದೆ ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದಾನೆ. ಕೆಳಗೆ ಎಲ್ಲರೂ ಎಷ್ಟು ಒಳ್ಳೆಯ ಗಂಡ ಎಂದು ಬರೆದಿದ್ದಾರೆ. ನಾನು ಓದಿ ಫೋನ್ ಮಗುಚಿಟ್ಟೆ. ಬಾಯಿ ಒಳಗಿನಿಂದ ಚಹಾ ಆಯಿತು ಎಂದು ಕರೆದರು. ಹೋಗಲಿಲ್ಲ, ಫೋನ್ ಮತ್ತೆ ತಿರುಗಿಸಿ ಆ ಫೋಟೋ ತೆಗೆದೆ.